ಫೆಬ್ರವರಿ ಮೂವತ್ತರ ಹಿಡಿಯಕ್ಕಿ

ಡಮಾಮಿಗುಡ್ಡ, ಹಳಿಯಾಳ ಸೀಮೆ
ಫೆಬ್ರವರಿ ೩೦, ೨೨೧೯

ಹಿರಿಯಜ್ಜಿ ರೆಮೆದಿಗೆ ನಿನ್ನ ಮರಿಮಗಳ ಮರಿಮಗಳು ಪಾವ್ಲಿ ಸಿದ್ದಿ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ನೀನು ನಕ್ಕಿರುತ್ತೀಯ. ಫೆಬ್ರವರಿಗೆ ಮೂವತ್ತು ಎಲ್ಲಿಂದ ಬಂತು, ಬರೆದವಳಿಗೆ ಅರಳುಮರಳೇ ಎಂದು ಕೇಳಿರುತ್ತೀಯ. ವಯಸ್ಸಾಗಿರುವುದು ನಿಜ, ಎಪ್ಪತ್ತು ದಾಟಿದೆ, ಆದರೆ ತಾರೀಖು ಸರಿಯಾಗಿಯೇ ಇದೆ. ಅದರ ಕತೆಯನ್ನು ಮುಂದೆ ಹೇಳುತ್ತೇನೆ. ಮೊದಲು ನನ್ನ ಮಾತಿನ ವಿಚಿತ್ರವನ್ನು ಹೊಟ್ಟೆಗೆ ಹಾಕಿಕೋ. ನಿಮ್ಮ ಕಾಲದ ಕನ್ನಡ ನಮಗೆ ಮನೆಯ ಅಟ್ಟದಲ್ಲಿಟ್ಟ ಪಾತ್ರೆಯ ಹಾಗೆ, ಗುರುತಿದೆ, ದಿನಬಳಕೆಯಲ್ಲಿಲ್ಲ. ನಾನು ಅದನ್ನು ಕಲಿತದ್ದು ನಿನ್ನ ದನಿಯಿಂದಲೇ, ನಮ್ಮವರು ಆಡಿದ ಮಾತನ್ನೂ ನಿಮ್ಮ ಕಡೆಯ ಮಾತಿಗೆ ತಿರುಗಿಸಿಯೇ ಬರೆಯುತ್ತೇನೆ. ನೀನು ಅಂಗನವಾಡಿಯಲ್ಲಿ ಮಕ್ಕಳಿಗೆ ಹಾಡು ಹೇಳಿಸುತ್ತ ಫೋನಿನಲ್ಲಿ ಹಿಡಿದಿಟ್ಟದ್ದು ನಮ್ಮ ದನಿಗಿಂಡಿಯಲ್ಲಿ ಇನ್ನೂ ಇದೆ. ದನಿಗಿಂಡಿ ಎಂದರೆ ಪ್ರತಿ ಮನೆಯ ಗೂಡಿನಲ್ಲಿರುವ ಒಂದು ಸಣ್ಣ ಮಣ್ಣಿನ ಪಾತ್ರೆ; ಹಿಂದಿನವರ ಮಾತನ್ನೂ ಇಂದಿನ ಸುದ್ದಿಯನ್ನೂ ಅದು ಹೇಳುತ್ತದೆ, ಬೇಡವೆಂದರೆ ಸುಮ್ಮನಿರುತ್ತದೆ. ಅದರಲ್ಲಿ ನೀನು ಯಾರಿಗೋ ಮೂಗು ಒರೆಸಿಕೊಳ್ಳೆಂದು ಗದರುವುದೂ ಕೇಳಿಸುತ್ತದೆ. ಈ ಓಲೆ ಕೈಸೇರುವಾಗ ನಿನಗೆ ಮೂವತ್ತೊಂದು. ಹಾಗಾಗಿ ನಿನ್ನನ್ನು ಅಜ್ಜಿ ಎನ್ನಬೇಕೋ ಮಗಳೇ ಎನ್ನಬೇಕೋ ನನಗೇ ತಿಳಿಯದು. ಎರಡನ್ನೂ ಅನ್ನುತ್ತೇನೆ, ಬೇಜಾರು ಮಾಡಿಕೊಳ್ಳಬೇಡ.

ಇದಕ್ಕೆ ನಮ್ಮಲ್ಲಿ ಹಿಂದೋಲೆ ಎನ್ನುತ್ತಾರೆ. ಹಿಂದಿನ ಕಾಲಕ್ಕೆ ಕಳಿಸುವ ಓಲೆ. ಅದು ಹೇಗೆ ಹೋಗುತ್ತದೆಂದು ನನ್ನನ್ನು ಕೇಳಬೇಡ. ಬಸ್ಸು ಹೇಗೆ ಓಡುತ್ತದೆಂದು ನೀನು ಹತ್ತುವ ಮೊದಲು ಕೇಳುತ್ತೀಯೇನು? ಒಬ್ಬರಿಗೆ ಜೀವಮಾನಕ್ಕೆ ಒಂದೇ ಹಿಂದೋಲೆ. ನಿಯಮಗಳೂ ಉಂಟು. ಚಿನ್ನದ ದರ ಬರೆಯುವಂತಿಲ್ಲ, ಯಾರು ಗೆದ್ದರು ಯಾರು ಸೋತರು ಎಂದು ಬರೆಯುವಂತಿಲ್ಲ, ಸಾವಿನ ಸುದ್ದಿಯನ್ನಂತೂ ಬರೆಯಲೇಬಾರದು. ಹೆಚ್ಚಿನವರು ತಮ್ಮ ಹಿಂದೋಲೆಯನ್ನು ಬಳಸದೆಯೇ ಹೋಗುತ್ತಾರೆ. ನಾನೂ ಹಾಗೇ ಹೋಗುವವಳಿದ್ದೆ. ಆದರೆ ಇವತ್ತು ಬೆಳಿಗ್ಗೆ ಹಬ್ಬದಲ್ಲಿ ನಡೆದದ್ದು ನನ್ನನ್ನು ಕೂರಿಸಿ ಬರೆಸುತ್ತಿದೆ. ಕೇಳಬೇಕಾದದ್ದನ್ನು ಮೊದಲೇ ಕೇಳಿಬಿಡುತ್ತೇನೆ: ನೀನು ಈಗ ಮನೆಮನೆಗೆ ಹೋಗಿ ಸಿದ್ದಿಗಳೆಲ್ಲ ಸೇರಿ ಮಾಡುವ ಮೊದಲ ಹಬ್ಬಕ್ಕೆ ಜನರನ್ನು ಕರೆಯುತ್ತಿದ್ದೀಯ. ಒಂದು ಮನೆಗೆ ಮಾತ್ರ ಹೋಗಬಾರದೆಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೀಯ. ಹಳಿಯಾಳದ ಕಡೆಗೆ ಮದುವೆಯಾಗಿ ಹೋದ ನಿನ್ನ ಅಕ್ಕ ನತಾಲಿಯ ಮನೆ ಅದು. ಅವ್ವನ ಮಣ್ಣಿಗೆ ಬಾರದವಳನ್ನು ಹಬ್ಬಕ್ಕೆ ಏಕೆ ಕರೆಯಲಿ ಎಂದು ನಿನ್ನ ಸಿಟ್ಟು. ಅವಳನ್ನು ಕರೆ ಎಂದು ಕೇಳಿಕೊಳ್ಳಲು ನಾನು ನನ್ನ ಒಂದೇ ಓಲೆಯನ್ನು ಖರ್ಚು ಮಾಡುತ್ತಿದ್ದೇನೆ.

ಈಗ ತಾರೀಖಿನ ಕತೆ. ದೂರದೂರದ ದೇಶಗಳಲ್ಲಿ ಆಫ್ರಿಕಾದ ಮೂಲದವರು ಒಟ್ಟಾಗಿ ಹಬ್ಬ ಮಾಡುವುದನ್ನು ನೀನು ಫೋನಿನಲ್ಲಿ ನೋಡಿದೆ. ನಾವೂ ಹಡಗಿನಲ್ಲಿ ಬಂದವರ ಮಕ್ಕಳೇ ತಾನೆ, ನಮಗೇಕೆ ಒಂದು ಹಬ್ಬವಿಲ್ಲ ಎಂದೆ. ಹಿರಿಯರು ಒಪ್ಪಿದರು, ಆದರೆ ದಿನ ಗೊತ್ತು ಮಾಡಲು ಕೂತರೆ ಜಗಳ ಮುಗಿಯುತ್ತಿಲ್ಲ, ಅಲ್ಲವೆ? ಒಬ್ಬರಿಗೆ ಅಮಾವಾಸ್ಯೆ ಬೇಡ, ಒಬ್ಬರಿಗೆ ರಂಜಾನು ಅಡ್ಡ ಬರಬಾರದು, ಚರ್ಚಿಗೆ ಹೋಗುವವರಿಗೆ ಉಪವಾಸದ ದಿನಗಳ ಚಿಂತೆ. ನಿನಗಿನ್ನೂ ಗೊತ್ತಿಲ್ಲದ್ದನ್ನು ಹೇಳುತ್ತೇನೆ, ಇದಕ್ಕೆ ನಿಯಮದ ಅಡ್ಡಿಯಿಲ್ಲ. ಮುಂದಿನ ಸಭೆಯಲ್ಲಿ ಗಾಬ್ರು ಕಾಕಾ ರೇಗಿ ಎದ್ದು ನಿಂತು, "ಹಂಗಾರ ಫೆಬ್ರವರಿ ಮೂವತ್ತಕ್ಕ ಮಾಡ್ರಿ, ಅವತ್ತ ಯಾ ದೇವರಿಗೂ ಕೆಲಸ ಇರಂಗಿಲ್ಲ" ಎನ್ನುತ್ತಾರೆ. ಎಲ್ಲರೂ ನಗುತ್ತಾರೆ. ನೀನು ನಗಬೇಡ, ಆ ಮಾತನ್ನು ಹಿಡಿದುಕೋ. ಇಪ್ಪತ್ತೆಂಟಕ್ಕೇ ಮುಗಿಯಲಿ ಇಪ್ಪತ್ತೊಂಬತ್ತಕ್ಕೇ ಮುಗಿಯಲಿ, ಫೆಬ್ರವರಿ ಮುಗಿದ ಮಾರನೆಯ ದಿನವನ್ನು ಜಗತ್ತೆಲ್ಲ ಮಾರ್ಚಿಗೆ ಕೊಟ್ಟರೆ ನಾವು ನಮಗೇ ಇಟ್ಟುಕೊಂಡೆವು. ಯಾರ ಪಂಚಾಂಗದಲ್ಲೂ ಇಲ್ಲದ್ದರಿಂದ ಅದು ಎಲ್ಲರ ದಿನವಾಯಿತು. ಹಬ್ಬದ ಊಟದಲ್ಲಿ ಮಾಂಸ ಇರಬಾರದೆಂಬುದೂ ಆಗಲೇ ನಿಶ್ಚಯವಾಯಿತು. ರಂಜಾನು ಬಂದ ವರ್ಷ ಊಟ ಸಂಜೆಗೆ ಹೋಗುತ್ತದೆ, ಅಷ್ಟೆ. ಗಾಬ್ರು ಕಾಕಾ ಕಡೆಯವರೆಗೂ ಅದು ತನ್ನ ಸಿಟ್ಟಲ್ಲ, ಯೋಚನೆಯೇ ಆಗಿತ್ತೆಂದು ವಾದಿಸಿದರಂತೆ.

ನಮ್ಮ ಹಬ್ಬದ ದಿನ ಹೇಗಿರುತ್ತದೆಂದು ನಿನಗೆ ತೋರಿಸಬೇಕೆಂದು ಆಸೆ. ಡಮಾಮಿಗುಡ್ಡಕ್ಕೆ ರಸ್ತೆಯಿಲ್ಲ, ಕಾಡಿನ ನೆತ್ತಿಯ ಮೇಲೆ ತಂತಿತೊಟ್ಟಿಲುಗಳು ಓಡುತ್ತವೆ, ತಂತಿಹಗ್ಗಕ್ಕೆ ಕಟ್ಟಿದ ಬೆತ್ತದ ಗೂಡುಗಳು, ಒಂದರಲ್ಲಿ ಒಂದು ಸಂಸಾರ ಹಿಡಿಸುತ್ತದೆ. ಹಬ್ಬದ ಹಿಂದಿನ ದಿನವೇ ನಂಟರು ಬರತೊಡಗುತ್ತಾರೆ. ಗುಜರಾತಿನ ಸಿದ್ದಿಗಳು, ಲಂಕೆಯವರು, ಝಾಂಜಿಬಾರಿನವರು, ಬ್ರೆಜಿಲಿನಿಂದ ಹಾಯಿಹಡಗಿನಲ್ಲಿ ತಿಂಗಳುಗಟ್ಟಲೆ ಬಂದವರು. ಹೌದು, ನಾವು ಮತ್ತೆ ಹಾಯಿಗೆ ಬಂದಿದ್ದೇವೆ, ಈ ಸಲ ಹಡಗಿನಲ್ಲಿ ಯಾರನ್ನೂ ಕಟ್ಟಿ ಹಾಕಿರುವುದಿಲ್ಲ. ಕಾರವಾರದಲ್ಲಿ ಇಳಿದಾಗ ನಮ್ಮ ಹೆಂಗಸರು ಪ್ರತಿಯೊಬ್ಬರ ಹೆಗಲಿಗೆ ಒಂದು ಕೌದಿ ಹೊದಿಸುತ್ತಾರೆ. ಹಳೆಯ ಸೀರೆ ಚೂರುಗಳನ್ನು ಹೊಲಿದು ಮಾಡುವ ಅದೇ ಕೌದಿ, ನೀನು ಚಳಿಗೆ ಹೊದೆಯುವಂಥದ್ದು. ಬಂದವರ ಭಾಷೆ ನಮಗೆ ಬಾರದು, ನಮ್ಮದು ಅವರಿಗೆ ಬಾರದು, ಆದರೂ ಅರ್ಧ ದಿನದೊಳಗೆ ಹೆಂಗಸರು ಒಬ್ಬರ ಗಂಡನನ್ನು ಒಬ್ಬರು ಆಡಿಕೊಳ್ಳುವಷ್ಟು ಸಲಿಗೆಯಾಗುತ್ತದೆ. ಅವರವರ ನಾಡಿನ ಹಿಡಿ ಧಾನ್ಯವನ್ನು ಅವರು ತಂದಿರುತ್ತಾರೆ. ಒಮ್ಮೆ ಒಬ್ಬಾಕೆ ತಂದ ಮೆಣಸಿನ ಪುಡಿಯನ್ನು ರಾಗಿ ಹಿಟ್ಟೆಂದು ಮಡಕೆಗೆ ಸುರಿದು ಊರಿಗೆ ಊರೇ ಕಣ್ಣೀರು ಹಾಕುತ್ತ ಉಂಡಿತು. ಆ ವರ್ಷದ ಹಬ್ಬವನ್ನು ಈಗಲೂ ಖಾರದ ಮೂವತ್ತು ಎಂದೇ ಕರೆಯುತ್ತೇವೆ.

ಮಡಕೆಯ ವಿಷಯಕ್ಕೆ ಬರುತ್ತೇನೆ. ಹಬ್ಬದ ದಿನ ಯಾರ ಮನೆಯಲ್ಲೂ ಒಲೆ ಹಚ್ಚುವುದಿಲ್ಲ. ಬಯಲಿನಲ್ಲಿ ಒಂದೇ ದೊಡ್ಡ ಮಡಕೆ, ಅದಕ್ಕೆ ಪ್ರತಿ ಒಲೆಯಿಂದ ಒಂದು ಹಿಡಿ ಅಕ್ಕಿ ಬೀಳಬೇಕು. ಮನೆಯಿಂದ ಎಂದಲ್ಲ, ಒಲೆಯಿಂದ. ಒಂದೇ ಸೂರಿನಡಿ ಅತ್ತೆ ಸೊಸೆ ಬೇರೆ ಬೇರೆ ಒಲೆ ಹೂಡಿದ್ದರೆ ಎರಡು ಹಿಡಿ. ಎಲ್ಲ ಒಲೆಗಳ ಹಿಡಿಯಕ್ಕಿ ಬೀಳುವ ತನಕ ಡಮಾಮಿಗೆ ಪೆಟ್ಟು ಬೀಳಬಾರದು, ಡಮಾಮಿ ಮೊಳಗದೆ ಯಾರೂ ಹೆಜ್ಜೆ ಹಾಕಬಾರದು, ಒಂದು ಅಗುಳನ್ನೂ ಬಾಯಿಗಿಡಬಾರದು. ಇದು ನೀನೇ ಮಾಡಿದ ಕಟ್ಟಳೆ. ಮುಪ್ಪಿನಲ್ಲಿ ಮಾಡಿದೆಯಂತೆ, ಏಕೆಂದು ಕೇಳಿದರೆ ಹೇಳದೆ ಎದ್ದು ಹೋಗುತ್ತಿದ್ದೆಯಂತೆ. ಕರೆಯುವುದಕ್ಕೂ ಕಟ್ಟಳೆ ಇದೆ. ಎಲ್ಲ ಮನೆಗಳಲ್ಲಿ ದನಿಗಿಂಡಿ ಇದ್ದರೂ ಹಬ್ಬದ ಕರೆಯನ್ನು ಅದರಲ್ಲಿ ಕಳಿಸುವಂತಿಲ್ಲ, ಕಾಲ್ನಡಿಗೆಯಲ್ಲಿ ಹೋಗಿ ಹೊಸ್ತಿಲಲ್ಲಿ ನಿಂತು ಬಾಯಾರೆ ಕರೆಯಬೇಕು. ಗುಡಿಗೆ ಹೋಗುವವರು ಮಸೀದಿಗೆ ಹೋಗುವವರನ್ನು, ಅವರು ಚರ್ಚಿಗೆ ಹೋಗುವವರನ್ನು, ಇವರು ಗುಡಿಗೆ ಹೋಗುವವರನ್ನು. ಎಲ್ಲ ಅಕ್ಕಿ ಬಿದ್ದಿದೆಯೇ ಎಂದು ನೋಡಿಕೊಳ್ಳುವ ಹೆಂಗಸಿಗೆ ಮಡಕೆಯಮ್ಮ ಎನ್ನುತ್ತಾರೆ. ಹಲವು ವರ್ಷಗಳಿಂದ ಆ ಹೊರೆ ನನ್ನದು.

ನಿಮ್ಮ ಕಾಲದ ಬಿಸಿಲಿಗೂ ನಮ್ಮದಕ್ಕೂ ಬಹಳ ವ್ಯತ್ಯಾಸವಿದೆ. ಹೊತ್ತು ನೆತ್ತಿಗೇರುವ ಮುಂಚೆ ಕೊಂಬು ಊದುತ್ತಾರೆ. ಆಮೇಲೆ ಇಳಿಬಿಸಿಲಾಗುವವರೆಗೆ ಯಾರೂ ಬಯಲಲ್ಲಿ ಇರಕೂಡದು. ಇದಕ್ಕೆ ಬಿಸಿಲುಬಾಗಿಲು ಎನ್ನುತ್ತೇವೆ. ಸಂಜೆಗೆ ನಂಟರ ತೊಟ್ಟಿಲುಗಳು ಹೊರಟುಬಿಡುತ್ತವೆ, ಹಡಗು ಗಾಳಿಯನ್ನು ಕಾಯುತ್ತದೆ, ಮನುಷ್ಯರನ್ನಲ್ಲ. ಆದ್ದರಿಂದ ಬಾಗಿಲು ಬೀಳುವುದರೊಳಗೆ ಡಮಾಮಿ ಬಾರಿಸಿದರೆ ಹಬ್ಬ, ಇಲ್ಲವಾದರೆ ಆ ವರ್ಷಕ್ಕೆ ಹಬ್ಬವಿಲ್ಲ. ಇವತ್ತು ಬೆಳಿಗ್ಗೆ ಎಲ್ಲ ಸಿದ್ಧವಾಗಿತ್ತು. ಪುಗಡಿ ಕುಣಿಯುವ ಹೆಂಗಸರು ಸೊಂಟಕ್ಕೆ ಸೆರಗು ಬಿಗಿದು ನಿಂತಿದ್ದರು, ಹುರುಳಿ ಬೆಂದಿತ್ತು, ಜೇನು ಸೋಸಿಟ್ಟಿತ್ತು. ಹಿಡಿಯಕ್ಕಿ ಮಾತ್ರ ಪೂರ್ತಿಯಾಗಿರಲಿಲ್ಲ. ದಾವಲ್‌ಬಿ ಬಂದಿರಲಿಲ್ಲ.

ದಾವಲ್‌ಬಿ ನನ್ನ ಓರಗೆಯವಳು, ನತಾಲಿಯ ವಂಶದವಳು. ಚಿಕ್ಕಂದಿನಿಂದ ಒಟ್ಟಿಗೆ ಕುಣಿದವರು ನಾವು, ಒಬ್ಬರ ಮಾತಿಗೆ ಒಬ್ಬರು ಸೋತವರಲ್ಲ. ಮಗನ ಮನೆಯಲ್ಲಿದ್ದವಳು ಈ ಮಳೆಗಾಲ ಕಳೆದ ಮೇಲೆ ಗುಡ್ಡದ ಮೇಲೊಂದು ಕೋಣೆ ಹಾಕಿಕೊಂಡು ತನ್ನ ಒಲೆ ತಾನು ಹೂಡಿದ್ದಳು. ಜಗಳವೇನಿಲ್ಲ, ಸೊಸೆಯ ಸಾರಿಗೆ ಉಪ್ಪು ಕಡಿಮೆ ಎಂಬುದಷ್ಟೇ ಕಾರಣ. ಕರೆಯಲು ಹೋದವರು ಮಗನ ಹೊಸ್ತಿಲಲ್ಲಿ ಕರೆದು, ಅವಳಿಗೆ ಮಗ ಹೇಳುತ್ತಾನೆಂದುಕೊಂಡರು. ಕರೆ ಹೊರಗಿನವರು ತರಬೇಕಾದದ್ದು, ತಾನು ಹೇಳಿದರೆ ಅದು ಕರೆಯಾಗುವುದಿಲ್ಲ ಎಂದು ಮಗ ಸುಮ್ಮನಿದ್ದ. ಗುಡ್ಡದ ಮೇಲಿನವರನ್ನು ಕರೆಯಲು ಹೋದವರು, ಅವಳು ಕೆಳಕೇರಿಯವಳಲ್ಲವೇ ಎಂದು ಮುಂದೆ ನಡೆದರು. ನಾನು ಎಲ್ಲರನ್ನೂ ಕರೆದಿದ್ದಾರೆಂದು ನಂಬಿ ಮಡಕೆ ತೊಳೆಯುತ್ತಿದ್ದೆ. ಎಲ್ಲರೂ ಎಲ್ಲರಿಗೂ ನಂಟರಾಗಿರುವ ಊರಿನಲ್ಲಿ ಆಗುವ ತಪ್ಪು ಇದು. ಯಾರಾದರೂ ಹೇಳಿಯೇ ಇರುತ್ತಾರೆ ಎಂದು ಪ್ರತಿಯೊಬ್ಬರೂ ಅಂದುಕೊಳ್ಳುತ್ತಾರೆ.

ಹೊತ್ತು ಏರುತ್ತಿತ್ತು. ಡಮಾಮಿ ಹಿಡಿದಿದ್ದ ಹುಡುಗರು ಚಡಪಡಿಸಿದರು. ಅವರಲ್ಲೊಬ್ಬ, "ಅಜ್ಜಿ, ಒಂದ್ ಹಿಡಿ ಅಕ್ಕಿಗೆ ಇಷ್ಟ್ ಮಂದೀನ ಉಪಾಸ ಕೆಡವ್ತೀರೇನ್ರಿ? ಆಮ್ಯಾಲೆ ಆಕಿ ಕಾಲಿಗೆ ಬಿದ್ರಾತು" ಎಂದ. ಮಾತು ತಪ್ಪಾಗಿರಲಿಲ್ಲ. ತಿಂಗಳುಗಟ್ಟಲೆ ಸಮುದ್ರ ದಾಟಿ ಬಂದ ಮುದುಕಿಯರು ಕೌದಿ ಹಾಸಿಕೊಂಡು ನನ್ನ ಮುಖವನ್ನೇ ನೋಡುತ್ತಿದ್ದರು. ಅವರಲ್ಲಿ ಕೆಲವರಿಗೆ ಇನ್ನೊಮ್ಮೆ ಬರುವ ತ್ರಾಣವಿಲ್ಲವೆಂದು ಕಾಣುತ್ತಿತ್ತು. ನನಗೆ ನಿಜವಾಗಿ ಹೆದರಿಕೆಯಾಯಿತು. ಬಾರಿಸಿ ಎಂಬ ಮಾತು ತುದಿನಾಲಿಗೆಗೆ ಬಂದಿತ್ತು. ಆದರೆ ಅವಳಿಲ್ಲದೆ ಕುಣಿದು ನಾಳೆ ಅವಳೆದುರು ಯಾವ ಮುಖ ಇಟ್ಟುಕೊಂಡು ನಿಲ್ಲಲಿ ಎನ್ನಿಸಿತು. ಮಡಕೆಗೆ ಮುಚ್ಚಳ ಹಾಕಿ, ಯಾರೂ ಮುಟ್ಟಬೇಡಿ ಎಂದು ಹೇಳಿ, ಗುಡ್ಡ ಹತ್ತತೊಡಗಿದೆ. ಮೊಣಕಾಲು ನೋವಿಗೆ ದಾರಿಯುದ್ದಕ್ಕೂ ದಾವಲ್‌ಬಿಯನ್ನೂ ಅವಳ ಸೊಸೆಯ ಉಪ್ಪನ್ನೂ ಬೈದುಕೊಂಡೆ.

ಅವಳು ಹೊಸ ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿ, ಹೊಸ್ತಿಲ ಒಳಗೆ ಕೌದಿಯ ಮೇಲೆ ಕೂತಿದ್ದಳು. ಪಕ್ಕದಲ್ಲಿ ಬಟ್ಟಲಲ್ಲಿ ಹಿಡಿಯಕ್ಕಿ. ಒಲೆ ಹಚ್ಚಿರಲಿಲ್ಲ. ನನ್ನನ್ನು ಕಂಡು, "ಬಾರವ್ವಾ ಮಡಕೆಯಮ್ಮ, ದಾರಿ ತಪ್ಪಿ ಬಂದ್ಯೇನು?" ಎಂದಳು. ಏಕೆ ಬರಲಿಲ್ಲವೆಂದು ಕೇಳಿದರೆ, "ಕರೀಲಾರದ ಬಂದು ಕೂಡಾಕ ನಾ ಏನ್ ನೊಣ ಏನ?" ಎಂದು ಮುಖ ತಿರುಗಿಸಿದಳು. ನಗು ಬರುವ ಮಾತು, ಆದರೆ ಅವಳ ಕಣ್ಣು ಕೆಂಪಾಗಿತ್ತು. ಮಡಕೆಯಮ್ಮ ಯಾರನ್ನಾದರೂ ಕರೆಯಬಹುದು, ಹಾಗಾಗಿ ನಾನು ಹೊಸ್ತಿಲಲ್ಲಿ ನಿಂತು ಕ್ರಮವಾಗಿ ಕರೆದೆ, ತಪ್ಪಾಯಿತು ಎಂದೆ. ಅವಳು ಎದ್ದಳು, ಬಟ್ಟಲು ತೆಗೆದುಕೊಂಡಳು, ಆದರೆ ಒಂದು ಮಾತು ಒಗೆಯದೆ ಹೊರಡುವ ಪೈಕಿಯಲ್ಲ. "ನಮ್ಮ ಮನಿಗೆ ಹೇಳೂದು ಮರಿಯೂದು ನಿಮ್ಮ ಮನಿಯವರಿಗೆ ಹಳೇ ಚಟ. ನತಾಲಜ್ಜಿಗೂ ಹಿಂಗ ಮಾಡಿದ್ರಿ" ಎಂದಳು. ಅವ್ವ ತೀರಿದ ಸುದ್ದಿ ಹೇಳಿದ್ದರು, ನತಾಲಿಯೇ ಬರಲಿಲ್ಲ ಎಂದು ನಮ್ಮಲ್ಲಿ ಹೇಳುತ್ತಾರಲ್ಲ ಎಂದೆ. ದಾವಲ್‌ಬಿ ನಿಂತಲ್ಲೇ ನಿಂತಳು. "ಯಾರ್ ಹೇಳಿದ್ರು? ಹೆಸರ್ ಹೇಳು" ಎಂದಳು. ನನಗೆ ಒಂದು ಹೆಸರೂ ಗೊತ್ತಿರಲಿಲ್ಲ.

ರೆಮೆದಿ, ನನ್ನ ತಾಯೀ, ಇದನ್ನು ಕೂತು ಓದು. ಮುಪ್ಪಿನಲ್ಲಿ ನೀನೇ ನತಾಲಿಯ ಮನೆಯವರಿಗೆ ಹೇಳಿದ್ದಂತೆ, ಅದನ್ನು ದಾವಲ್‌ಬಿ ನನಗೆ ಹೇಳಿದಳು. ಅವ್ವ ತೀರಿಕೊಂಡ ದಿನ ನೀನು ಅಣ್ಣ ಹೇಳಿ ಕಳಿಸಿದ್ದಾನೆ ಎಂದುಕೊಂಡೆ. ಅಣ್ಣ, ಚಿಕ್ಕಪ್ಪ ಹೋಗಿದ್ದಾರೆ ಎಂದುಕೊಂಡ. ಚಿಕ್ಕಪ್ಪ, ರೆಮೆದಿಯ ಕೈಯಲ್ಲಿ ಫೋನಿದೆ, ಅವಳು ಹೇಳದೆ ಇರುತ್ತಾಳೆಯೇ ಎಂದುಕೊಂಡರು. ಯಾರೂ ಹೇಳಲಿಲ್ಲ. ಬೇಕಾದರೆ ಈಗಲೇ ಎದ್ದು ಇಬ್ಬರನ್ನೂ ಕೇಳು, ಇಬ್ಬರೂ ನಿನ್ನ ಮುಖವನ್ನೇ ನೋಡುತ್ತಾರೆ. ನಿನ್ನ ಅಕ್ಕ ಅವ್ವನಿಗೆಂದೇ ಹಳಿಯಾಳದ ಸಂತೆಯಲ್ಲಿ ಸೀರೆ ಆರಿಸುತ್ತಿದ್ದಾಗ ಯಾರೋ ಪರಿಚಯದವರು, ಯಾರಿಗೆ ಈ ಸೀರೆ, ನಿಮ್ಮವ್ವನನ್ನು ಮಣ್ಣು ಮಾಡಿ ಆಯಿತಲ್ಲ ಎಂದರಂತೆ. ಅವಳು ಸೀರೆಯನ್ನು ಕೊಂಡೇ ಮನೆಗೆ ಹೋದಳು. ಬೇಕೆಂದೇ ಹೇಳಲಿಲ್ಲ, ತನ್ನನ್ನು ಕಡಿದುಹಾಕಿದರು ಎಂದು ತಿಳಿದಳು. ನೀನು ಇಲ್ಲಿ ಅವಳ ಸೊಕ್ಕಿಗೆ ಅಳುತ್ತಿರುವಾಗ ಅವಳು ಅಲ್ಲಿ ನಿನ್ನ ಕಲ್ಲು ಮನಸ್ಸಿಗೆ ಅಳುತ್ತಿದ್ದಳು. ಆ ಸೀರೆಯನ್ನು ಯಾರೂ ಉಡಲಿಲ್ಲ, ಕೌದಿಗೆ ಹೊಲಿದರು. ಕೌದಿ ಹರಿದಾಗೆಲ್ಲ ಅದರ ಒಂದು ಚೂರನ್ನು ಹೊಸ ಕೌದಿಗೆ ಹಾಕುತ್ತ ಬಂದಿದ್ದಾರೆ. ದಾವಲ್‌ಬಿ ತಾನು ಕೂತಿದ್ದ ಕೌದಿಯನ್ನು ಎತ್ತಿ ತೋರಿಸಿದಳು. ಹಸಿರೋ ನೀಲಿಯೋ ಹೇಳಲಾಗದಷ್ಟು ಮಾಸಿದ, ಅಂಗೈಯಗಲದ ಚೂರು. ನಾನು ಅದನ್ನು ಮುಟ್ಟಿ ಅತ್ತುಬಿಟ್ಟೆ. ಅವಳೂ ಅತ್ತಳು, ಆಮೇಲೆ ನನ್ನನ್ನೇ, "ಅಳಬ್ಯಾಡ ನಡಿ, ಕೊಂಬು ಊದ್ಯಾರು" ಎಂದು ಗದರಿದಳು.

ಇಬ್ಬರು ಮುದುಕಿಯರು ಕೈ ಕೈ ಹಿಡಿದು ಗುಡ್ಡ ಇಳಿಯುವುದನ್ನು ಕಂಡು ಕೆಳಗೆ ಸಿಳ್ಳೆ ಬಿತ್ತು. ಅವಳ ಅಕ್ಕಿ ಮಡಕೆಗೆ ಬಿದ್ದ ಕೂಡಲೇ ಡಮಾಮಿ ಮೊಳಗಿತು. ಬಿಸಿಲುಬಾಗಿಲಿಗೆ ಸ್ವಲ್ಪವೇ ಹೊತ್ತು ಉಳಿದಿತ್ತು, ಹಾಗಾಗಿ ಕುಣಿತ ಗಡಿಬಿಡಿಯದಾಯಿತು, ಆದರೆ ಇಂಥ ಕುಣಿತವನ್ನು ನಾನು ಕಂಡಿಲ್ಲ. ಬ್ರೆಜಿಲಿನ ಒಬ್ಬ ಅಜ್ಜಿ ತನ್ನ ಕೋಲನ್ನು ಎಸೆದು ಪುಗಡಿಗೆ ಇಳಿದಳು. ಮಡಕೆಯನ್ನು ಮರದ ನೆರಳಿನ ಚಪ್ಪರದಡಿಗೆ ಎಳೆದುಕೊಂಡು ಊಟ ಮಾಡಿದೆವು. ದಾವಲ್‌ಬಿ ಮೊದಲ ತುತ್ತು ಬಾಯಿಗಿಟ್ಟು ಉಪ್ಪು ಕಡಿಮೆ ಎಂದಳು. ಈಗ ನಂಟರೆಲ್ಲ ಹೊರಟಿದ್ದಾರೆ, ಸಂಜೆ ಬೆಳಕು ಇನ್ನೂ ಇದೆ, ಅವಳು ನನ್ನ ಪಕ್ಕದಲ್ಲೇ ಕೂತು ನಾನು ಏನು ಬರೆಯುತ್ತೇನೆಂದು ಇಣುಕುತ್ತಿದ್ದಾಳೆ.

ಒಂದು ವಿಷಯವನ್ನು ನಾವಿಬ್ಬರೂ ಮಾತಾಡಿಕೊಂಡೆವು. ನೀನು ಅಕ್ಕನನ್ನು ಕರೆದರೆ ಮುಪ್ಪಿನಲ್ಲಿ ಹಿಡಿಯಕ್ಕಿಯ ಕಟ್ಟಳೆ ಮಾಡುವ ಸಂಕಟ ನಿನಗೆ ಬರಲಿಕ್ಕಿಲ್ಲ. ಆ ಕಟ್ಟಳೆ ಇಲ್ಲದೆ ನಮ್ಮ ಹಬ್ಬ ಬೇರೆಯೇ ರೀತಿಯಾದೀತು, ಮಡಕೆ ಇರಲಿಕ್ಕಿಲ್ಲ, ಮಡಕೆಯಮ್ಮ ಇರಲಿಕ್ಕಿಲ್ಲ, ಇವತ್ತು ಬೆಳಗಿನ ಈ ಜಗಳ ನಮ್ಮಿಬ್ಬರಿಗೂ ನೆನಪೇ ಇರಲಿಕ್ಕಿಲ್ಲ. ನನಗೆ ಅದು ಬಹಳ ಪ್ರೀತಿಯ ಹಬ್ಬ, ಬಿಟ್ಟುಕೊಡಲು ಮನಸ್ಸಿಲ್ಲ. ಆದರೂ ದಾವಲ್‌ಬಿಯನ್ನು ಕೇಳಿದೆ. "ಹೋಗ್ಲಿ ಬಿಡು, ಅಕ್ಕ ತಂಗಿ ಕೂಡಿ ಕುಣಿಯೂದಕ್ಕಿಂತ ಮಡಕಿ ದೊಡ್ಡದೇನ?" ಎಂದಳು. ಹಾಗಾಗಿ ನಮ್ಮ ಕಡೆಯಿಂದ ನಿನಗೆ ಒಪ್ಪಿಗೆ ಇದೆ. ನಮ್ಮ ಚಿಂತೆ ಮಾಡಬೇಡ, ಏನಾದರೊಂದು ನೆಪ ಮಾಡಿಕೊಂಡು ನಾವು ಕುಣಿದೇ ಕುಣಿಯುತ್ತೇವೆ.

ದಾವಲ್‌ಬಿ ಹೊಸ್ತಿಲಲ್ಲಿ ಇನ್ನೂ ಒಂದು ಮಾತು ಹೇಳಿದಳು. ನಿಮ್ಮ ಎರಡನೆಯ ವರ್ಷದ ಹಬ್ಬದ ಹೊತ್ತಿಗೆ ನತಾಲಿಯ ಮನೆಯಲ್ಲಿ ಏನಾಗಿತ್ತು ಎಂಬುದು ಅದು. ಬರೆಯಲು ನಿಯಮ ಬಿಡುವುದಿಲ್ಲ, ನಾನೂ ಬರೆಯುತ್ತಿಲ್ಲ. ಈ ವರ್ಷ ಆಗದಿದ್ದರೆ ಮುಂದಿನ ವರ್ಷ ಕರೆದರಾಯಿತು ಎಂದು ಮಾತ್ರ ಅಂದುಕೊಳ್ಳಬೇಡ. ಫೋನು ಮಾಡಬೇಡ, ಯಾರ ಕೈಯಲ್ಲೂ ಹೇಳಿ ಕಳಿಸಬೇಡ. ನಾಳೆ ಅಂಗನವಾಡಿಗೆ ರಜೆ ಹಾಕಿ ಮೊದಲ ಬಸ್ಸಿಗೆ ನೀನೇ ಹೋಗು. ಅವಳು ಮುಖ ತಿರುಗಿಸಿದರೆ ತಿರುಗಿಸಲಿ, ಬೈದರೆ ಬೈಸಿಕೋ. ಅವ್ವನ ಸುದ್ದಿ ನಿನಗೆ ನಾವು ಯಾರೂ ಹೇಳಲೇ ಇಲ್ಲ ಅಕ್ಕಾ, ಎಂದು ಹೇಳು. ಆಮೇಲೆ ಅವಳು ಊಟಕ್ಕೆ ಏಳು ಎನ್ನುತ್ತಾಳೆ. ಹೊಟ್ಟೆ ತುಂಬಿದ್ದರೂ ಇಲ್ಲ ಎನ್ನಬೇಡ.

ಇಂತಿ ನಿನ್ನ
ಪಾವ್ಲಿ